ಇಂಟರ್‌ನೆಟ್ ಎಲ್ಲಿ ಕಡಿಯುತ್ತಿದೆ?

ಮನೆಯ ಕಂಪ್ಯೂಟರಿನಲ್ಲಿ ಇಂಟರ್‌ನೆಟ್ ಪೂರ್ತಿ ನಿಂತೇಹೋದರೆ ಅದು ಅಷ್ಟೇನೂ ಕಷ್ಟದ ತೊಂದರೆಯಲ್ಲ. ಎಲ್ಲೋ ತಂತಿ ತುಂಡಾಗಿರುತ್ತದೆ, ಇಲ್ಲವೇ ಪೆಟ್ಟಿಗೆ ಸುಟ್ಟಿರುತ್ತದೆ. ರಿಪೇರಿಯವರು ಬರುವ ಹೊತ್ತಿಗೂ ದೋಷ ಹಾಗೆಯೇ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಕಷ್ಟವಿರುವುದು ಹೋಗಿ ಬಂದು ಮಾಡುವ ಸಂಪರ್ಕದಲ್ಲಿ. ಬೆಳಿಗ್ಗೆಯೆಲ್ಲ ಸರಿಯಾಗಿರುತ್ತದೆ, ಮಕ್ಕಳ ಆನ್‌ಲೈನ್ ಪಾಠದ ನಡುವೆ ಎರಡು ನಿಮಿಷ ಇಲ್ಲವಾಗುತ್ತದೆ, ಮತ್ತೆ ತಾನಾಗಿಯೇ ಬರುತ್ತದೆ. ದೂರು ಕೊಟ್ಟ ಮೇಲೆ ಬಂದವರಿಗೆ ಎಲ್ಲ ದೀಪಗಳೂ ಹಸಿರಾಗಿ ಕಾಣುತ್ತವೆ. ‘ಲೈನ್ ಸರಿ ಇದೆ’ ಎಂದು ದೂರನ್ನು ಮುಗಿಸಿ ಹೋಗುತ್ತಾರೆ. ಅವರು ಸುಳ್ಳು ಹೇಳಿದ್ದಲ್ಲ, ಅವರು ನೋಡಿದ ಹೊತ್ತಿಗೆ ಲೈನ್ ಸರಿಯಾಗಿಯೇ ಇತ್ತು. ಇಂಥ ದೋಷವನ್ನು ಕಣ್ಣಾರೆ ಕಾಣುವವರು ಮನೆಯವರು ಮಾತ್ರ. ಆದ್ದರಿಂದ ಈ ಹೊತ್ತು ನಾನು ವಾದಿಸಹೊರಟಿರುವುದು ಇಷ್ಟೇ: ಸಂಪರ್ಕ ಹೋದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಅದನ್ನು ಸರಿಪಡಿಸುವುದಲ್ಲ, ಅದು ಎಲ್ಲಿ ಕಡಿದಿದೆ ಎಂದು ನೋಡಿ, ಗಂಟೆ ಎಷ್ಟೆಂದು ಬರೆದಿಡುವುದು. ರೂಟರಿನ ಸ್ವಿಚ್ಚನ್ನು ಆರಿಸಿ ಹಾಕುವ ನಮ್ಮೆಲ್ಲರ ಅಭ್ಯಾಸ ನೋಡಬೇಕಾದದ್ದನ್ನೇ ಅಳಿಸಿಬಿಡುತ್ತದೆ.

ಹೀಗೇಕೆ ಎಂಬುದು ತಿಳಿಯಬೇಕಾದರೆ, ನಾವು ಕೇಳಿದ ಪುಟವೊಂದು ನಮ್ಮ ಪರದೆಗೆ ಬರುವ ದಾರಿಯನ್ನು ನೋಡಬೇಕು. ಕಂಪ್ಯೂಟರಿನಿಂದ ರೂಟರಿನವರೆಗೆ ಮೊದಲ ಹಂತ. ಅದು ವೈಫೈ ಆಗಿರಬಹುದು, ಲ್ಯಾನ್ ಕೇಬಲ್ ಆಗಿರಬಹುದು. ರೂಟರಿನಿಂದ ಬೀದಿಗೆ, ಬೀದಿಯಿಂದ ಕಂಪನಿಯ ಕೇಂದ್ರಕ್ಕೆ ಎರಡನೆಯದು; ಈಗ ಹೆಚ್ಚಿನ ಮನೆಗಳಲ್ಲಿ ಇದು ಕೂದಲೆಳೆಯಷ್ಟು ತೆಳುವಾದ ಗಾಜಿನ ಫೈಬರ್. ಕೇಂದ್ರದಿಂದಾಚೆ ಹೊರಜಗತ್ತಿಗೆ ಮೂರನೆಯದು. ಇವಲ್ಲದೆ, ನಾವು ಬರೆಯುವ ತಾಣದ ಹೆಸರನ್ನು ಅಂಕಿಗಳ ವಿಳಾಸವಾಗಿ ಬದಲಿಸಿಕೊಡುವ ವ್ಯವಸ್ಥೆ ಬೇರೆಯೇ ಇದೆ. ಈ ನಾಲ್ಕರಲ್ಲಿ ಯಾವುದು ಕೆಟ್ಟರೂ ಪರದೆಯ ಮೇಲೆ ಕಾಣುವುದು ಹೆಚ್ಚು ಕಡಿಮೆ ಒಂದೇ: ಪುಟ ತೆರೆಯುವುದಿಲ್ಲ. ಮೂಲೆಯ ಚಿಕ್ಕ ಗುರುತನ್ನು ನಂಬೋಣವೆಂದರೆ ಅದರ ತಿಳಿವಳಿಕೆಯೂ ಸೀಮಿತ. ವಿಂಡೋಸ್ ಕಂಪ್ಯೂಟರು ಮೈಕ್ರೋಸಾಫ್ಟ್‌ನ ಒಂದು ತಾಣದಿಂದ ಪುಟ್ಟ ಕಡತವೊಂದನ್ನು ತರಿಸಿಕೊಳ್ಳಲು ನೋಡುತ್ತದೆ. ಅದು ಬಂದರೆ ಇಂಟರ್‌ನೆಟ್ ಇದೆ ಎನ್ನುತ್ತದೆ, ಬಾರದಿದ್ದರೆ ಇಲ್ಲ ಎನ್ನುತ್ತದೆ. ದಾರಿಯ ಯಾವ ಹಂತದಲ್ಲಿ ಕಡಿಯಿತು ಎಂದು ಆ ಗುರುತು ಹೇಳಲಾರದು. ವೈಫೈಯ ಮೂರು ಗೆರೆಗಳು ತುಂಬಿರುವುದಂತೂ ಮೊದಲ ಹಂತದ ಮಾತು ಮಾತ್ರ. ಬೀದಿಯಲ್ಲಿ ಫೈಬರ್ ತುಂಡಾಗಿ ಬಿದ್ದಿದ್ದರೂ ಆ ಗೆರೆಗಳು ತುಂಬಿಕೊಂಡೇ ಇರುತ್ತವೆ.

ನಲ್ಲಿಯಲ್ಲಿ ನೀರು ಬಾರದಿದ್ದರೆ ನಾವು ಮೊದಲು ಪಕ್ಕದ ಮನೆಯಲ್ಲಿ ಬರುತ್ತಿದೆಯೇ ಎಂದು ಕೇಳುತ್ತೇವೆ. ಇಲ್ಲಿಯೂ ಮೊದಲ ಪರೀಕ್ಷೆ ಅದೇ ಬಗೆಯದು. ಕಂಪ್ಯೂಟರಿನಲ್ಲಿ ಸಂಪರ್ಕ ಹೋದ ಗಳಿಗೆಯಲ್ಲಿ ಅದೇ ವೈಫೈಗೆ ಸೇರಿಸಿದ ಮೊಬೈಲಿನಲ್ಲಿ ಇದೆಯೇ ಎಂದು ನೋಡಬೇಕು. ಆದರೆ ಇದರಲ್ಲೊಂದು ತೊಡಕಿದೆ, ಅನೇಕರು ಇಲ್ಲಿಯೇ ದಾರಿ ತಪ್ಪುತ್ತಾರೆ. ಮನೆಯ ಇಂಟರ್‌ನೆಟ್ ನಿಂತದ್ದು ಗೊತ್ತಾದ ಕೂಡಲೇ ಇಂದಿನ ಮೊಬೈಲುಗಳು ಸದ್ದಿಲ್ಲದೆ ಸಿಮ್ ಡೇಟಾಕ್ಕೆ ಹೊರಳಿಕೊಳ್ಳುತ್ತವೆ. ‘ಫೋನಿನಲ್ಲಿ ಬರುತ್ತಿದೆ, ಕಂಪ್ಯೂಟರೇ ಕೆಟ್ಟಿದೆ’ ಎಂದು ತೀರ್ಮಾನಿಸಿ, ಸರಿಯಾಗಿರುವ ಯಂತ್ರವನ್ನು ಅಂಗಡಿಗೆ ಹೊತ್ತುಕೊಂಡು ಹೋಗುವುದು ಹೀಗೆ. ಮೊಬೈಲ್ ಡೇಟಾವನ್ನು ಆರಿಸಿಯೇ ಈ ಪರೀಕ್ಷೆ ಮಾಡಬೇಕು. ಆಗ ಎರಡರಲ್ಲೂ ಇಲ್ಲದಿದ್ದರೆ ಕಂಪ್ಯೂಟರಿನ ಮೇಲಿನ ಅನುಮಾನ ಬಹುಮಟ್ಟಿಗೆ ಕಳೆಯುತ್ತದೆ. ಮೊಬೈಲಿನಲ್ಲಿದ್ದು ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಕಂಪನಿಗೆ ಫೋನ್ ಮಾಡುವ ಅಗತ್ಯ ಸದ್ಯಕ್ಕಿಲ್ಲ. ಸಾಧ್ಯವಿರುವವರು ಒಂದು ದಿನದ ಮಟ್ಟಿಗೆ ಕಂಪ್ಯೂಟರನ್ನು ರೂಟರಿನ ಪಕ್ಕಕ್ಕೆ ತಂದು ಲ್ಯಾನ್ ಕೇಬಲ್ ಹಾಕಿ ನಡೆಸಿ ನೋಡಬೇಕು. ಆ ದಿನವಿಡೀ ಸಂಪರ್ಕ ಕಡಿಯದಿದ್ದರೆ ದೋಷ ವೈಫೈಯ ಹಂತದಲ್ಲಿದೆ ಎನ್ನಲು ಅದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಇನ್ನೂ ಖಚಿತವಾಗಿ ತಿಳಿಯಲು ಒಂದು ಹಳೆಯ ಉಪಕರಣವಿದೆ, ಪ್ರತಿ ಕಂಪ್ಯೂಟರಿನಲ್ಲೂ ಅದು ಪುಕ್ಕಟೆಯಾಗಿಯೇ ಇದೆ. ಅದರ ಹೆಸರು ಪಿಂಗ್. ಅಮೆರಿಕದ ಸೇನೆಯ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ ಎಂಬ ಎಂಜಿನಿಯರ್ 1983ರ ಡಿಸೆಂಬರಿನಲ್ಲಿ ಇದನ್ನು ಬರೆದದ್ದು, ತಮ್ಮ ಜಾಲ ವಿಚಿತ್ರವಾಗಿ ವರ್ತಿಸುತ್ತಿದ್ದ ಕಾರಣವನ್ನು ಹುಡುಕಲು. ಇದು ಒಂದು ಸಣ್ಣ ಪೊಟ್ಟಣವನ್ನು ಕಳಿಸುತ್ತದೆ, ಆ ಕಡೆಯಿಂದ ಉತ್ತರ ಬಂತೇ, ಎಷ್ಟು ಮಿಲಿಸೆಕೆಂಡಿನಲ್ಲಿ ಬಂತು ಎಂದು ಹೇಳುತ್ತದೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯನ್ನು ತೆರೆದು, ಪಿಂಗ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ವಿಳಾಸ ಬರೆದು, ಮತ್ತೆ ಜಾಗ ಬಿಟ್ಟು ಅಡ್ಡಗೆರೆಯೊಂದಿಗೆ ಟಿ ಅಕ್ಷರ ಬರೆದರೆ, ನಾವು ನಿಲ್ಲಿಸುವ ತನಕ ಅದು ಕೇಳುತ್ತಲೇ ಇರುತ್ತದೆ. ಇಂಥ ಎರಡು ಕಿಟಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳಿ. ಒಂದರಲ್ಲಿ ನಿಮ್ಮ ರೂಟರಿನ ವಿಳಾಸ. ಅದು ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಆಗಿರುತ್ತದೆ, ರೂಟರಿನ ಕೆಳಗಿನ ಚೀಟಿಯಲ್ಲೂ ಬರೆದಿರುತ್ತದೆ. ಇನ್ನೊಂದರಲ್ಲಿ ಹೊರಜಗತ್ತಿನ ವಿಳಾಸ, ಗೂಗಲ್‌ನ 8.8.8.8 ನೆನಪಿಡಲು ಸುಲಭ. ಸಂಪರ್ಕ ಹೋದಾಗ ಎರಡೂ ಕಿಟಕಿಗಳಲ್ಲಿ ಉತ್ತರ ನಿಂತರೆ, ಕಡಿದಿರುವುದು ಕಂಪ್ಯೂಟರಿಗೂ ರೂಟರಿಗೂ ನಡುವೆ, ಇಲ್ಲವೇ ರೂಟರೇ ಸತ್ತಿದೆ. ರೂಟರ್ ಉತ್ತರ ಕೊಡುತ್ತಲೇ ಇದ್ದು ಹೊರಗಿನದು ಮಾತ್ರ ನಿಂತರೆ, ಮನೆಯ ವೈಫೈಯನ್ನು ದೂರಿ ಪ್ರಯೋಜನವಿಲ್ಲ, ಕಡಿದಿರುವುದು ರೂಟರಿನಿಂದಾಚೆ. ಎರಡೂ ಉತ್ತರ ಕೊಡುತ್ತಿದ್ದು ಪುಟ ಮಾತ್ರ ತೆರೆಯದಿದ್ದರೆ ಹೆಸರು ಹುಡುಕುವ ವ್ಯವಸ್ಥೆಯನ್ನು ನೋಡಬೇಕು. ಎಲ್ಲ ಯಂತ್ರಗಳೂ ಪಿಂಗ್‌ಗೆ ಓಗೊಡುವುದಿಲ್ಲ, ಕೆಲಸ ಹೆಚ್ಚಿದ್ದಾಗ ರೂಟರುಗಳು ಅದನ್ನು ಬದಿಗಿಡುತ್ತವೆ ಎಂಬ ಆಕ್ಷೇಪವಿದೆ, ಅದು ನಿಜವೂ ಹೌದು. ಅದಕ್ಕೇ ಸಂಪರ್ಕ ಸರಿಯಿರುವಾಗಲೇ ಒಮ್ಮೆ ಪ್ರಯತ್ನಿಸಿ, ಉತ್ತರ ಬರುವುದನ್ನು ಖಾತ್ರಿ ಮಾಡಿಕೊಳ್ಳಬೇಕು. ಅಲ್ಲೊಂದು ಇಲ್ಲೊಂದು ಉತ್ತರ ತಪ್ಪಿದ್ದನ್ನು ಲೆಕ್ಕಕ್ಕೆ ಹಿಡಿಯಬಾರದು. ಸಾಲುಸಾಲಾಗಿ ಉತ್ತರ ನಿಂತರೆ ಅದು ಸಾಕ್ಷಿ. ವಿಂಡೋಸ್‌ನ ಈ ಸಾಲುಗಳ ಮುಂದೆ ಗಂಟೆ ನಿಮಿಷ ಬರೆದಿರುವುದಿಲ್ಲ, ಅದನ್ನು ನಾವೇ ಗಡಿಯಾರ ನೋಡಿ ಬರೆದುಕೊಳ್ಳಬೇಕು.

ಮೊದಲ ಹಂತದಲ್ಲೇ ಕಡಿಯುತ್ತಿದೆ ಎಂದು ತಿಳಿದವರಿಗೆ ನೋಡಲು ಬಹಳಷ್ಟಿದೆ. ಹಳೆಯ ವೈಫೈ ನಡೆಯುವುದು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ. ಭಾರತದಲ್ಲಿ ಇದನ್ನು 2005ರಿಂದ ಪರವಾನಗಿಯಿಲ್ಲದೆ ಬಳಸಬಹುದಾಗಿದೆ. ಯಾರು ಬೇಕಾದರೂ ಬಳಸಬಹುದಾದ್ದರಿಂದ ಅಲ್ಲಿ ಗದ್ದಲವೂ ಹೆಚ್ಚು. ಬ್ಲೂಟೂತ್ ಅಲ್ಲೇ ಇದೆ, ಅಡುಗೆಮನೆಯ ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ ಸುಮಾರು 2.45 ಗಿಗಾಹರ್ಟ್ಸ್‌ನಲ್ಲೇ. ಪಟ್ಟಿಯೊಳಗೆ ಒಂದರ ಮೇಲೊಂದು ಬೀಳದ ಚಾನೆಲ್ಲುಗಳೆಂದರೆ 1, 6 ಮತ್ತು 11, ಮೂರೇ ಮೂರು. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಹತ್ತಾರು ಮನೆಗಳ ರೂಟರುಗಳು ಈ ಮೂರರಲ್ಲೇ ಜಾಗ ಹಂಚಿಕೊಳ್ಳಬೇಕು. ಸಂಜೆ ಎಲ್ಲರೂ ಮನೆಗೆ ಬಂದ ಮೇಲೆ ಸಂಪರ್ಕ ತತ್ತರಿಸಿದರೆ ಅಚ್ಚರಿಯಿಲ್ಲ. ಅಂಥಲ್ಲಿ 5 ಗಿಗಾಹರ್ಟ್ಸ್ ಪಟ್ಟಿ ಒಳ್ಳೆಯದು, ಅಲ್ಲಿ ಜಾಗ ಧಾರಾಳವಾಗಿದೆ. ಆದರೆ ಅದರ ಅಲೆಗಳು ಗೋಡೆ ದಾಟುವುದರಲ್ಲಿ ಹಿಂದೆ. ಕರಾವಳಿಯ ದಪ್ಪ ಮುರಕಲ್ಲಿನ ಗೋಡೆಗಳ ಮನೆಯಲ್ಲಿ, ಅದೂ ಮಳೆಗಾಲದಲ್ಲಿ ಆ ಗೋಡೆಗಳು ನೀರು ಹೀರಿಕೊಂಡಿರುವಾಗ, ಜಗಲಿಯಲ್ಲಿಟ್ಟ ರೂಟರಿನ 5 ಗಿಗಾಹರ್ಟ್ಸ್ ಒಳಕೋಣೆಗೆ ತಲುಪುವುದು ಕಷ್ಟ. ಅಪಾರ್ಟ್‌ಮೆಂಟಿನವರಿಗೆ ಕೊಟ್ಟ ಸಲಹೆಯನ್ನೇ ಅಲ್ಲಿಯವರಿಗೂ ಕೊಟ್ಟರೆ ತೊಂದರೆ ಹೆಚ್ಚುತ್ತದೆ. ರೂಟರನ್ನು ಟಿವಿಯ ಹಿಂದೆ, ಕಬ್ಬಿಣದ ಕಪಾಟಿನೊಳಗೆ, ಫ್ರಿಜ್ಜಿನ ಮೇಲೆ ಇಡುವುದು ಮಾತ್ರ ಎಲ್ಲ ಊರಿನಲ್ಲೂ ತಪ್ಪೇ. ಇನ್ನೊಂದು ಕಾರಣ ಬಹುಜನರಿಗೆ ತಿಳಿದಿಲ್ಲ: ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಮತ್ತು ಅದರ ಕೇಬಲ್ ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೋ ಗದ್ದಲ ಎಬ್ಬಿಸುತ್ತವೆ ಎಂದು ಇಂಟೆಲ್ ಕಂಪನಿಯೇ 2012ರಲ್ಲಿ ವರದಿ ಮಾಡಿತ್ತು. ಫೋಟೋಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡುವಾಗಲೆಲ್ಲ ವೈಫೈ ಹೋಗುತ್ತಿದ್ದರೆ, ಕಾರಣ ಮೇಜಿನ ಮೇಲೆಯೇ ಇದೆ. ಹೊತ್ತು ಬರೆದಿಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಹೊತ್ತಿನ ಜೊತೆಗೆ ಆಗ ಮನೆಯಲ್ಲಿ ಏನು ನಡೆದಿತ್ತು ಎಂಬುದು ಸೇರಿದರೆ ಇಂಥ ಸಂಬಂಧಗಳು ತಾವಾಗಿ ಹೊರಬೀಳುತ್ತವೆ.

ಗಾಳಿಯಲ್ಲಿ ತೊಂದರೆಯಿಲ್ಲದೆಯೂ ಕಂಪ್ಯೂಟರು ತಾನೇ ಕೈಬಿಡುವುದುಂಟು. ಬ್ಯಾಟರಿ ಉಳಿಸಲೆಂದು ವಿಂಡೋಸ್ ತನ್ನ ವೈಫೈ ಭಾಗವನ್ನು ಮಲಗಿಸುತ್ತದೆ, ಕೆಲವು ಯಂತ್ರಗಳಲ್ಲಿ ಅದು ಸರಿಯಾಗಿ ಏಳುವುದಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ನೆಟ್‌ವರ್ಕ್ ಅಡಾಪ್ಟರಿನ ಪವರ್ ಮ್ಯಾನೇಜ್‌ಮೆಂಟ್ ಪುಟ ಇದ್ದರೆ, ಅಲ್ಲಿನ ಗುರುತನ್ನು ತೆಗೆದು ನೋಡಬಹುದು. ಕಂಪ್ಯೂಟರಿನ ವಿಳಾಸ 169.254 ಎಂದು ಶುರುವಾಗಿದ್ದರೆ, ರೂಟರಿನಿಂದ ವಿಳಾಸ ಸಿಗದೆ ಅದು ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ರೂಟರು ಕೊಡುವ ವಿಳಾಸಕ್ಕೆ ಅವಧಿಯಿರುತ್ತದೆ. ಅರ್ಧ ಅವಧಿ ಕಳೆದಾಗ ಕಂಪ್ಯೂಟರು ಅದನ್ನು ನವೀಕರಿಸಿಕೊಳ್ಳಲು ಕೇಳುತ್ತದೆ. ಗಡಿಯಾರ ಇಟ್ಟಂತೆ ನಿಗದಿತ ಗಂಟೆಗಳಿಗೊಮ್ಮೆ ಸಂಪರ್ಕ ಹೋಗುತ್ತಿದ್ದರೆ ಈ ನವೀಕರಣದ ಮೇಲೆ ಅನುಮಾನಪಡಬೇಕು. ಹಾಳೆಯ ಮೇಲೆ ಹೊತ್ತು ಬರೆದಿಡದವರಿಗೆ ಇದು ಎಂದೂ ಕಾಣುವುದಿಲ್ಲ.

ಇನ್ನು ಎರಡನೆಯ ಹಂತ. ಫೈಬರಿನ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ಪುಟ್ಟ ದೀಪವಿರುತ್ತದೆ. ಅದು ಕೆಂಪಾಗಿ ಉರಿದರೆ ಅಥವಾ ಮಿನುಗಿದರೆ, ಕೇಂದ್ರದಿಂದ ಬರಬೇಕಾದ ಬೆಳಕು ಬರುತ್ತಿಲ್ಲ ಎಂದರ್ಥ. ಇದು ಮನೆಯವರು ಓದಬಲ್ಲ ಅತ್ಯಂತ ಸ್ಪಷ್ಟವಾದ ಸಾಕ್ಷಿ. ಫೈಬರನ್ನು ಚೂಪಾಗಿ ಮಡಿಸಿದರೆ ಬೆಳಕು ಸೋರಿಹೋಗುತ್ತದೆ. ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡ, ಸೋಫಾದ ಕಾಲಿನಡಿ ಒತ್ತಿದ, ಇಲಿ ಕಡಿದ ಫೈಬರ್ ಪೂರ್ತಿ ಸಾಯದೆ ಅರೆಜೀವವಾಗಿ ನಡೆಯುತ್ತಿರುತ್ತದೆ. ಬೀದಿಯಲ್ಲಿ ಒಂದೇ ಫೈಬರಿನ ಬೆಳಕನ್ನು ಹಲವು ಮನೆಗಳಿಗೆ, ಸಾಮಾನ್ಯವಾಗಿ 32ಕ್ಕೋ 64ಕ್ಕೋ, ಒಡೆದು ಹಂಚಿರುತ್ತಾರೆ. ಆದ್ದರಿಂದ ಅದೇ ಕಂಪನಿಯ ಸಂಪರ್ಕವಿರುವ ನೆರೆಮನೆಯವರನ್ನು ಕೇಳುವುದು ಇಲ್ಲಿ ನಿಜವಾದ ತಾಂತ್ರಿಕ ಪರೀಕ್ಷೆಯೇ. ಮಲೆನಾಡಿನಲ್ಲಿ ಕಂಬದಿಂದ ಕಂಬಕ್ಕೆ ಕಟ್ಟಿದ ಕೇಬಲ್ಲಿನ ಮೇಲೆ ಆಷಾಢದ ಗಾಳಿಗೆ ಕೊಂಬೆ ಮುರಿದು ಬೀಳುತ್ತದೆ, ಆಗ ಇಡೀ ಕೇರಿಗೆ ಇಲ್ಲವಾಗುತ್ತದೆ. ಫೈಬರ್ ಎಷ್ಟೇ ಸರಿಯಿದ್ದರೂ ಕರೆಂಟಿಲ್ಲದೆ ನಡೆಯದು, ಮತ್ತು ನಮ್ಮಲ್ಲಿ ಹೋಗಿಬರುವ ಇಂಟರ್‌ನೆಟ್ಟಿನ ಹಿಂದೆ ಹೋಗಿಬರುವ ಕರೆಂಟು ಇರುವುದು ಎಷ್ಟೋ ಸಲ. ಮನೆಯ ಇನ್ವರ್ಟರಿನ ಹಿಂಬದಿಯಲ್ಲಿ ನಾರ್ಮಲ್, ಯುಪಿಎಸ್ ಎಂಬ ಎರಡು ಸ್ಥಾನಗಳ ಗುಂಡಿ ಅನೇಕ ಮಾದರಿಗಳಲ್ಲಿ ಇರುತ್ತದೆ. ನಾರ್ಮಲ್‌ನಲ್ಲಿದ್ದರೆ ಕರೆಂಟು ಹೋದಾಗ ಬ್ಯಾಟರಿಗೆ ಬದಲಾಗಲು ಒಂದಿಷ್ಟು ಹೆಚ್ಚು ಹೊತ್ತು ಹಿಡಿಯುತ್ತದೆ. ಫ್ಯಾನು, ದೀಪಗಳಿಗೆ ಅದು ಗೊತ್ತಾಗುವುದಿಲ್ಲ. ರೂಟರು ಮಾತ್ರ ಸತ್ತು ಮತ್ತೆ ಹುಟ್ಟುತ್ತದೆ, ಪೂರ್ತಿ ಚಾಲೂ ಆಗಲು ಒಂದೆರಡು ನಿಮಿಷ ಬೇಕು. ಮನೆಯವರಿಗೆ ಕಾಣುವುದು ದೀಪ ಒಮ್ಮೆ ಮಿನುಗಿದ್ದು ಮತ್ತು ಇಂಟರ್‌ನೆಟ್ ಹೋದದ್ದು. ಎರಡಕ್ಕೂ ಗಂಟು ಹಾಕದಿದ್ದರೆ ದೂಷಣೆ ಕಂಪನಿಯ ಪಾಲಿಗೆ. ವರ್ಷಗಟ್ಟಲೆ ಬಿಡುವಿಲ್ಲದೆ ಬಿಸಿಯಾದ 12 ವೋಲ್ಟ್ ಅಡಾಪ್ಟರು ಸೊರಗಿ, ಬೇಕಾದಷ್ಟು ಕರೆಂಟು ಕೊಡಲಾರದೆ ರೂಟರು ತಾನಾಗಿ ರೀಸ್ಟಾರ್ಟ್ ಆಗುವುದೂ ಇದೇ ಜಾತಿಯ ದೋಷ. ಹೊಸ ರೂಟರಿಗೆ ದುಡ್ಡು ಹಾಕುವ ಮೊದಲು, ಅಷ್ಟೇ ವೋಲ್ಟಿನ, ಅಷ್ಟೇ ಅಥವಾ ಹೆಚ್ಚು ಆಂಪಿಯರಿನ ಬೇರೊಂದು ಅಡಾಪ್ಟರ್ ಹಾಕಿ ನೋಡುವುದು ಬುದ್ಧಿವಂತಿಕೆ.

ಹೆಸರು ಹುಡುಕುವ ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇದನ್ನು ಪಾಲ್ ಮೊಕಪೆಟ್ರಿಸ್ 1983ರಲ್ಲಿ ರೂಪಿಸಿದರು. ಇದನ್ನೇ ಡಿಎನ್‌ಎಸ್ ಎನ್ನುವುದು. ಕಂಪನಿಯ ಡಿಎನ್‌ಎಸ್ ತಡವರಿಸಿದರೆ 8.8.8.8 ಅಥವಾ 1.1.1.1 ಎಂದು ಬದಲಿಸಿಕೊಳ್ಳಬಹುದು. ಆದರೆ ಇದನ್ನು ಎಲ್ಲ ಕಾಯಿಲೆಗೂ ಮದ್ದೆಂದು ಹಂಚುತ್ತಿರುವುದು ತಪ್ಪು. ಅಂಕಿಯ ವಿಳಾಸಕ್ಕೂ ಉತ್ತರ ಬಾರದಿದ್ದಾಗ ಡಿಎನ್‌ಎಸ್ ಬದಲಿಸಿ ಏನೂ ಆಗದು.

ಈಗ ಆಕ್ಷೇಪಗಳಿಗೆ ಬರೋಣ. ರೂಟರನ್ನು ಆರಿಸಿ ಹಾಕಿದರೆ ಸರಿಹೋಗುತ್ತದಲ್ಲ, ಮತ್ತೇಕೆ ಇಷ್ಟೆಲ್ಲ ಎಂಬುದು ಮೊದಲನೆಯದು. ಹೌದು, ಸರಿಹೋಗುತ್ತದೆ. ಅಗ್ಗದ ರೂಟರುಗಳ ಸ್ಮೃತಿ ಚಿಕ್ಕದು. ಹಲವು ಉಪಕರಣಗಳ ನೂರಾರು ಸಂಪರ್ಕಗಳ ಲೆಕ್ಕ ಇಡುತ್ತ ಅದು ತುಂಬಿಹೋಗುತ್ತದೆ. ಆರಿಸಿ ಹಾಕಿದರೆ ಆ ಹೊರೆ ಇಳಿಯುತ್ತದೆ, ಹೊಸ ವಿಳಾಸ ಸಿಗುತ್ತದೆ, ಬೆಳಕಿನ ಸಂಪರ್ಕ ಹೊಸದಾಗಿ ಏರ್ಪಡುತ್ತದೆ. ತೊಂದರೆಯೆಂದರೆ ಈ ಒಂದೇ ಕ್ರಿಯೆ ನಾಲ್ಕಾರು ಬೇರೆ ಬೇರೆ ದೋಷಗಳನ್ನು ಒಟ್ಟಿಗೆ ಮರೆಮಾಡುತ್ತದೆ. ಯಾವುದು ಸರಿಹೋಯಿತೆಂದು ತಿಳಿಯದು, ಹಾಗಾಗಿ ನಾಳೆ ಅದು ಮತ್ತೆ ಬರುವುದನ್ನು ತಡೆಯಲೂ ಆಗದು. ಹೆಚ್ಚಿನ ಮನೆಯ ರೂಟರುಗಳು ತಮ್ಮ ದಿನಚರಿಯನ್ನು ತಾತ್ಕಾಲಿಕ ಸ್ಮೃತಿಯಲ್ಲಿ ಮಾತ್ರ ಬರೆದುಕೊಂಡಿರುತ್ತವೆ. ಸ್ವಿಚ್ ಆರಿದೊಡನೆ ಅದೂ ಅಳಿಸಿಹೋಗುತ್ತದೆ. ಆರಿಸಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಪರೀಕ್ಷೆ ಬರೆಯುತ್ತಿರುವ ಮಗುವಿನ ಮುಂದೆ ಸಂಶೋಧನೆ ನಡೆಸಲಾಗದು. ದೀಪಗಳನ್ನು ನೋಡಿ, ಎರಡು ಪಿಂಗ್ ಕಿಟಕಿಗಳನ್ನು ನೋಡಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಲು ಅರ್ಧ ನಿಮಿಷ ಸಾಕು. ಆಮೇಲೆ ಆರಿಸಬಹುದು. ಆಗಲೂ ಎಲ್ಲವನ್ನೂ ಒಟ್ಟಿಗೆ ಆರಿಸದೆ, ಮೊದಲು ಕಂಪ್ಯೂಟರಿನ ವೈಫೈ ಮಾತ್ರ, ಅದರಿಂದ ಆಗದಿದ್ದರೆ ರೂಟರ್, ಕೊನೆಗೆ ಫೈಬರಿನ ಪೆಟ್ಟಿಗೆ ಎಂದು ಒಂದೊಂದಾಗಿ ಆರಿಸಿದರೆ, ರಿಪೇರಿಯೇ ಒಂದು ಪರೀಕ್ಷೆಯಾಗುತ್ತದೆ.

ಹೊಸ ರೂಟರ್ ಕೊಂಡರಾಯಿತು, ಹೆಚ್ಚು ವೇಗದ ಪ್ಲಾನ್ ಹಾಕಿಸಿದರಾಯಿತು ಎನ್ನುವವರಿದ್ದಾರೆ. 50 ಎಂಬಿಪಿಎಸ್ ಇದ್ದದ್ದು 200 ಆದರೂ, ಕಡಿಯುವ ಕೊಂಡಿ ಅದೇ ಇದ್ದರೆ ಕಡಿಯುವುದು ತಪ್ಪದು. ಸ್ಪೀಡ್ ಟೆಸ್ಟ್ ತೋರಿಸುವುದು ಆ ಕೆಲವು ಸೆಕೆಂಡುಗಳ ವೇಗವನ್ನು, ಇಡೀ ದಿನದ ಸ್ಥಿರತೆಯನ್ನಲ್ಲ. ದೋಷ ನಿಜಕ್ಕೂ ರೂಟರಿನಲ್ಲಿದೆ ಎಂದು ಗೊತ್ತಾದ ಮೇಲೆ ಕೊಂಡರೆ ಆ ಖರ್ಚಿಗೆ ಅರ್ಥವಿದೆ. ಅಲ್ಲಿಯವರೆಗೆ ಅದು ಕತ್ತಲಲ್ಲಿ ಎಸೆದ ಕಲ್ಲು.

ಮೂರನೆಯ ಆಕ್ಷೇಪ ಹೆಚ್ಚು ತೂಕದ್ದು. ತಿಂಗಳು ತಿಂಗಳು ದುಡ್ಡು ಕೊಡುತ್ತೇವೆ, ಹುಡುಕುವುದು ಕಂಪನಿಯ ಕೆಲಸವಲ್ಲವೇ? ವಯಸ್ಸಾದವರು, ಕಂಪ್ಯೂಟರ್ ಹೆಚ್ಚು ತಿಳಿಯದವರು ಇದನ್ನೆಲ್ಲ ಮಾಡಲಾದೀತೇ? ಕೆಲಸ ಕಂಪನಿಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಂತ್ರಜ್ಞರು ನಮ್ಮ ಮನೆಯಲ್ಲಿರುವುದು ಹತ್ತು ನಿಮಿಷ, ದೋಷ ತಲೆಹಾಕುವುದು ದಿನಕ್ಕೆ ಮೂರು ಸಲ. ಆ ಎರಡೂ ಒಂದೇ ಗಳಿಗೆಗೆ ಕೂಡಿಬರುವುದು ಅಪರೂಪ. ನಮ್ಮ ಬರಹ ಆ ಅಂತರವನ್ನು ತುಂಬುತ್ತದೆ, ಕಂಪನಿಯ ಹೊಣೆಯನ್ನು ಕಡಿಮೆ ಮಾಡುವುದಿಲ್ಲ. ಪಿಂಗ್ ಬಾರದವರು ಬಿಡಲಿ. ಎಲ್‌ಒಎಸ್ ದೀಪದ ಬಣ್ಣ, ಡೇಟಾ ಆರಿಸಿದ ಮೊಬೈಲಿನಲ್ಲಿ ಇದೆಯೋ ಇಲ್ಲವೋ, ಗಂಟೆ ಎಷ್ಟು, ಎಷ್ಟು ಹೊತ್ತು ಇರಲಿಲ್ಲ, ಕರೆಂಟು ಇತ್ತೇ ಎಂಬ ಐದು ಸಂಗತಿಗಳನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯಲು ಯಾವ ತಂತ್ರಜ್ಞಾನವೂ ಬೇಡ. ನಿವೃತ್ತರು, ಮನೆಯಲ್ಲೇ ಹೆಚ್ಚು ಹೊತ್ತು ಇರುವವರು ಇದನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಬಲ್ಲರು. ವಿಂಡೋಸ್ 10 ಮತ್ತು 11ರಲ್ಲಿ ಕಳೆದ ಮೂರು ದಿನಗಳ ವೈಫೈ ಸಂಪರ್ಕದ ವರದಿಯನ್ನು ಕಂಪ್ಯೂಟರೇ ಗೆರೆಚಿತ್ರದೊಂದಿಗೆ ತಯಾರಿಸಿಕೊಡುತ್ತದೆ. ತಿಳಿದವರೊಬ್ಬರಿಂದ ಅದನ್ನು ತೆಗೆಸಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಒಂದು ವಾರದ ಇಂಥ ಹಾಳೆ ಕೈಯಲ್ಲಿದ್ದರೆ ದೂರಿನ ಸ್ವರೂಪವೇ ಬದಲಾಗುತ್ತದೆ. ‘ನೆಟ್ ಸರಿಯಿಲ್ಲ’ ಎಂಬ ದೂರಿಗೆ ‘ರೂಟರ್ ರೀಸ್ಟಾರ್ಟ್ ಮಾಡಿ’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ‘ಸೋಮವಾರದಿಂದ ಶುಕ್ರವಾರದವರೆಗೆ ಒಂಬತ್ತು ಸಲ ಹೋಗಿದೆ, ಪ್ರತಿ ಸಲವೂ ಎಲ್‌ಒಎಸ್ ಕೆಂಪಾಗಿತ್ತು, ಕರೆಂಟು ಇತ್ತು, ರೂಟರ್ ಪಿಂಗ್‌ಗೆ ಉತ್ತರ ಕೊಡುತ್ತಿತ್ತು’ ಎಂದರೆ ಆ ಉತ್ತರ ನಡೆಯದು. ಬೆಳಕಿನ ಬಲ ಅಳೆಯುವ ಮೀಟರ್ ಹಿಡಿದುಕೊಂಡೇ ಅವರು ಬರಬೇಕಾಗುತ್ತದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2012ರಲ್ಲಿ ಮಾಡಿದ ನಿಯಮಗಳ ಪ್ರಕಾರ ಪ್ರತಿಯೊಂದು ದೂರಿಗೂ ಕಂಪನಿ ಪ್ರತ್ಯೇಕ ಡಾಕೆಟ್ ನಂಬರ್ ಕೊಡಬೇಕು. ದೂರು ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಆ ನಂಬರನ್ನೂ, ಬಂದವರು ಹೇಳಿದ್ದೇನು ಎಂಬುದನ್ನೂ, ಅವರು ಹೋದ ಮೇಲೆ ಮತ್ತೆ ಯಾವಾಗ ಸಂಪರ್ಕ ಕಡಿಯಿತು ಎಂಬುದನ್ನೂ ಅದೇ ಹಾಳೆಯ ಮುಂದಿನ ಸಾಲುಗಳಲ್ಲಿ ಬರೆದುಕೊಳ್ಳಿ. ಮೇಲ್ಮನವಿಗೆ ಅದರ ಪ್ರತಿಯೊಂದನ್ನು ಲಗತ್ತಿಸಿ.